ತಲೆಕೆಳಗಾಗಿ ತೂಗುವ ಆ ಯುವಕ ಯಾರು? ಹಳೆಯ ಟ್ಯಾರೋ ಎಲೆಗಳ ಚಿತ್ರಗಳ ಬಗ್ಗೆ ಒಂದು ಪ್ರಶ್ನೆ

ನಡುಮನೆ

ಎಲ್ಲರಿಗೂ ನಮಸ್ಕಾರ. ಕಳೆದ ತಿಂಗಳು ಊರಿಗೆ ಬಂದಿದ್ದ ನನ್ನ ಅಕ್ಕನ ಮಗ ವಿಸ್ಕೊಂಟಿ-ಸ್ಫೋರ್ಜಾ ಎಂಬ ಟ್ಯಾರೋ ಕಟ್ಟಿನ, ಅಂದರೆ ಇಸ್ಪೀಟಿನಂತಹ ಎಲೆಗಳ ಕಟ್ಟಿನ, ಮರುಮುದ್ರಣವೊಂದನ್ನು ತಂದುಕೊಟ್ಟಿದ್ದಾನೆ. 1450ರ ಸುಮಾರಿಗೆ ಮಿಲಾನಿನ ಆಳುವ ಮನೆತನಕ್ಕಾಗಿ ಬರೆದ ಎಲೆಗಳಿವು. ಒಂದೊಂದೂ 17 ಸೆಂಟಿಮೀಟರಿಗಿಂತ ಎತ್ತರವಾಗಿದ್ದು, ಚಿತ್ರದ ಎಲೆಗಳ ಹಿನ್ನೆಲೆಗೆ ಚಿನ್ನದ ರೇಕು ಹಚ್ಚಿದೆ. ಅವುಗಳಲ್ಲಿ ಒಂದು ಎಲೆ ಹದಿನೈದು ದಿನಗಳಿಂದ ನನ್ನನ್ನು ಬಿಡುತ್ತಿಲ್ಲ. ಎರಡು ಕಂಬ, ಮೇಲೊಂದು ಅಡ್ಡತೊಲೆ, ಅದಕ್ಕೆ ಒಂದೇ ಕಾಲನ್ನು ಬಿಗಿದು ತಲೆಕೆಳಗಾಗಿ ಇಳಿಬಿಟ್ಟಿರುವ ಯುವಕ. ಇನ್ನೊಂದು ಕಾಲನ್ನು ಮಡಿಚಿ ಹಿಂದಕ್ಕೆ ಇಟ್ಟುಕೊಂಡಿದ್ದಾನೆ, ಕೈಗಳೆರಡೂ ಬೆನ್ನ ಹಿಂದಿವೆ, ಮುಖದಲ್ಲಿ ಮಾತ್ರ ನೋವಿನ ಒಂದು ಗೆರೆಯೂ ಇಲ್ಲ.

ಟ್ಯಾರೋ ನೋಡಿ ಭವಿಷ್ಯ ಹೇಳುವ ಸ್ನೇಹಿತೆಯೊಬ್ಬರು ಇದನ್ನು ನೋಡಿದ ಕೂಡಲೇ, ಇವನು ತಾನಾಗಿಯೇ ನೇತುಕೊಂಡ ಸಾಧಕ, ಇದು ತ್ಯಾಗ ಮತ್ತು ಶರಣಾಗತಿಯ ಸಂಕೇತ ಎಂದು ವಿವರಿಸಿದರು. ನನ್ನ ತಾಯಿ ಕನ್ನಡಕ ಏರಿಸಿ ನೋಡಿ, “ಅಯ್ಯೋ ಪಾಪ, ಏನು ಕದ್ದಿದ್ದನೋ” ಎಂದರು. ಇಬ್ಬರೂ ಒಂದೇ ಚಿತ್ರವನ್ನು ನೋಡಿದವರು. ಆ ಎಲೆಯನ್ನು ಮೊದಲು ಕೈಯಲ್ಲಿ ಹಿಡಿದ ಇಟಲಿಯವರಿಗೆ ಅದರಲ್ಲಿ ಏನು ಕಂಡಿರಬಹುದು ಎಂಬುದು ನನ್ನ ಪ್ರಶ್ನೆ.

ಕಡತ

ನಿಮ್ಮ ತಾಯಿಯವರು ಗುರಿಗೆ ಬಹಳ ಹತ್ತಿರ ಬಂದಿದ್ದಾರೆ. ಕಳ್ಳ ಎಂಬುದರ ಬದಲು ದ್ರೋಹಿ ಎಂದಿದ್ದರೆ ಪೂರ್ತಿ ಸರಿಯಾಗುತ್ತಿತ್ತು. ಇಟಲಿಯ ಹಳೆಯ ಪಟ್ಟಿಗಳಲ್ಲಿ ಈ ಎಲೆಗೆ ‘ಗಲ್ಲಿಗೇರಿದವನು’ ಎಂಬ ಹೆಸರಿನ ಜೊತೆಗೆ ‘ಇಲ್ ತ್ರದಿತೊರೆ’, ಅಂದರೆ ದ್ರೋಹಿ ಎಂಬ ಹೆಸರೂ ಸಿಗುತ್ತದೆ.

ಆ ಕಾಲದ ಇಟಲಿಯ ನಗರಗಳಲ್ಲಿ ಮಾನ ಕಳೆಯುವ ಚಿತ್ರಗಳನ್ನು ಬರೆಸುವ ಪದ್ಧತಿಯಿತ್ತು, ಅದಕ್ಕೆ ಅವರು ‘ಪಿತ್ತೂರಾ ಇನ್ಫಮಾಂತೆ’ ಎನ್ನುತ್ತಿದ್ದರು. ಊರಿಗೆ ದ್ರೋಹ ಬಗೆದವನೋ, ಮೋಸ ಮಾಡಿದ ಸಾಲಗಾರನೋ ಕೈಗೆ ಸಿಗದೆ ಓಡಿಹೋದರೆ, ನಗರಸಭೆಯೇ ಹಣ ಕೊಟ್ಟು ಚಿತ್ರಕಾರನನ್ನು ಕರೆಸಿ, ನಾಲ್ಕು ಜನ ಓಡಾಡುವ ಕಡೆಯ ಗೋಡೆಯ ಮೇಲೆ ಅವನನ್ನು ಗುರುತು ಸಿಗುವಂತೆ, ಎಷ್ಟೋ ಸಲ ತಲೆಕೆಳಗಾಗಿಯೇ, ಬರೆಸುತ್ತಿತ್ತು. 1440ರ ಜೂನ್‌ನಲ್ಲಿ ಅಂಗಿಯಾರಿಯ ಯುದ್ಧ ಮುಗಿದ ಮೇಲೆ ಫ್ಲಾರೆನ್ಸಿನ ಬಂಡಾಯಗಾರರನ್ನು ಆಂದ್ರೆಯಾ ದೆಲ್ ಕಸ್ತಾನ್ಯೊ ಹೀಗೆ ಕಾಲು ಮೇಲಾಗಿ ಬರೆದ. ಆಮೇಲೆ ಜನ ಅವನನ್ನು ‘ನೇತಾಡುವವರ ಆಂದ್ರೆಯಾ’ ಎಂದೇ ಕರೆದರು. 1478ರಲ್ಲಿ ಮೆದಿಚಿ ಮನೆತನದ ಮೇಲೆ ಸಂಚು ಮಾಡಿದವರ ಚಿತ್ರಗಳನ್ನು ಬರೆಯಲು ಬೊಟಿಚೆಲ್ಲಿಗೆ 40 ಫ್ಲಾರಿನ್ ಸಂದಿತು. ಇಂತಹ ಗೋಡೆಗಳ ಮುಂದೆ ಓಡಾಡಿ ಬೆಳೆದವರಿಗೆ ಆ ಎಲೆಯ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಅಘನಾಶಿನಿ

ನಮ್ಮಲ್ಲಿ ತಲೆ ಬೋಳಿಸಿ ಕತ್ತೆಯ ಮೇಲೆ ಮೆರೆಸುತ್ತಿದ್ದ ಹಾಗೆ ಎಂದಾಯಿತು.

ಕಡತ

ಉದ್ದೇಶ ಅದೇ. ಆದರೆ ಕತ್ತೆಯ ಮೆರವಣಿಗೆಗೆ ಆಸಾಮಿ ಸಿಗಬೇಕು, ಇದಕ್ಕೆ ಅವನ ಮುಖದ ನೆನಪು ಸಾಕು.

ಚಿತ್ತಾರ

ನಾನು ಎಲೆ ಓದುವವಳು, ಆದ್ದರಿಂದ ಮೊದಲ ಬರಹದಲ್ಲಿ ಬಂದ ಸ್ನೇಹಿತೆಯ ಪರವಾಗಿ ಎರಡು ಮಾತು. ದ್ರೋಹಿಯನ್ನು ಅವಮಾನಿಸುವುದೇ ಚಿತ್ರದ ಉದ್ದೇಶವಾಗಿದ್ದರೆ ಅವನ ಮುಖ ಇಷ್ಟು ಶಾಂತವಾಗಿ ಏಕಿದೆ? ಮಡಿಚಿದ ಕಾಲು ಏಕೆ ಒಂದು ಮುದ್ರೆಯ ಹಾಗೆ ಕಾಣುತ್ತದೆ? ನಾನು ಬಳಸುವ ಕಟ್ಟಿನಲ್ಲಿ ಅವನ ತಲೆಯ ಸುತ್ತ ಪ್ರಭಾವಳಿಯೇ ಇದೆ. ಅಪರಾಧಿಗೆ ಪ್ರಭಾವಳಿ ಬರೆಯುವವರನ್ನು ನಾನು ಕಾಣೆ.

ಗೋಡೆಚಿತ್ರ

ಮೇಡಂ, ಆ ಪ್ರಭಾವಳಿಯ ವಯಸ್ಸು ನೂರು ಚಿಲ್ಲರೆ ವರ್ಷ ಮಾತ್ರ. ನಿಮ್ಮದು 1909ರಲ್ಲಿ ಲಂಡನ್ನಿನಲ್ಲಿ ಹೊರಬಂದ ಕಟ್ಟಾಗಿರಬೇಕು. ಆರ್ಥರ್ ಎಡ್ವರ್ಡ್ ವೇಟ್ ಹೇಳಿದಂತೆ ಪಮೇಲಾ ಕೋಲ್ಮನ್ ಸ್ಮಿತ್ ಬರೆದ ಚಿತ್ರಗಳು ಅವು. ಸತ್ತ ತೊಲೆಗೆ ಎಲೆ ಚಿಗುರಿಸಿದ್ದೂ ತಲೆಯ ಸುತ್ತ ಬೆಳಕು ತಂದದ್ದೂ ಆ ಕಟ್ಟಿನಲ್ಲೇ. ನಡುಮನೆಯವರ ಎಲೆಯಲ್ಲಿ ಇವೆರಡೂ ಇಲ್ಲ ಎಂಬುದನ್ನು ಗಮನಿಸಿ.

ಶಾಂತ ಮುಖದ ವಿಚಾರವಾಗಿ ನನ್ನ ಅಭಿಪ್ರಾಯ ಇಷ್ಟೇ. ಈ ಎಲೆಗಳನ್ನು ಬರೆದವನೆಂದು ಸಾಮಾನ್ಯವಾಗಿ ಬೊನಿಫಾಚೊ ಬೆಂಬೊನನ್ನು ಹೆಸರಿಸುತ್ತಾರೆ. ಆ ಕುಂಚದಲ್ಲಿ ಪ್ರೇಮಿಗಳ ಮುಖವೂ ಅದೇ, ಸಾಮ್ರಾಜ್ಞಿಯ ಮುಖವೂ ಅದೇ. ಅರಮನೆಯ ಚಿತ್ರಕಾರನಿಗೆ ಕೈ ಒಗ್ಗಿದ ಒಂದು ಮುದ್ದಾದ ಬಿಳಿಮುಖವಿತ್ತು, ಅದನ್ನೇ ತಲೆಕೆಳಗು ಮಾಡಿ ಇಲ್ಲಿಯೂ ಇಟ್ಟ. ಪ್ಯಾರಿಸ್ಸಿನ ರಾಷ್ಟ್ರೀಯ ಗ್ರಂಥಾಲಯದಲ್ಲಿ ಅದೇ ಶತಮಾನದ ಇನ್ನೊಂದು ಇಟಲಿಯ ಕಟ್ಟಿನ 17 ಎಲೆಗಳು ಉಳಿದಿವೆ; ಅದರಲ್ಲಿ ನೇತಾಡುವವನ ಎರಡೂ ಕೈಗಳಲ್ಲಿ ಹಣದ ಚೀಲಗಳಿವೆ. ಮೂವತ್ತು ಬೆಳ್ಳಿ ನಾಣ್ಯಕ್ಕೆ ಗುರುವನ್ನು ಮಾರಿದ ಯೂದನ ಕಥೆ ಬಲ್ಲವರಿಗೆ ಇದಕ್ಕಿಂತ ಬೇರೆ ಸೂಚನೆ ಬೇಕೆ?

ತುರುಪಿನೆಲೆ

ಇಲ್ಲಿ ಎಲ್ಲರೂ ಒಂದು ಮುಖ್ಯ ಸಂಗತಿಯನ್ನು ಬದಿಗಿಟ್ಟು ಮಾತನಾಡುತ್ತಿದ್ದೀರಿ: ಇದು ಇಸ್ಪೀಟಾಟ. ನಾಲ್ಕು ಬಣ್ಣದ 56 ಎಲೆಗಳು, ಅವುಗಳ ಮೇಲೆ 22 ಚಿತ್ರದ ಎಲೆಗಳು. ಈ ಚಿತ್ರದ ಎಲೆಗಳಿಗೆ ‘ತ್ರಿಯೊಂಫಿ’, ಅಂದರೆ ವಿಜಯಗಳು ಎಂಬ ಹೆಸರಿತ್ತು. ಇಂಗ್ಲಿಷಿನ ಟ್ರಂಪ್ ಹುಟ್ಟಿದ್ದು ಅದರಿಂದ, ಇಪ್ಪತ್ತೆಂಟು ಆಡುವಾಗ ನಾವು ಕೂಗುವ ತುರುಪಿನ ಬೇರೂ ಅಲ್ಲಿಯದೇ. ಇಡೀ ಆಟಕ್ಕೆ ನಾವಿಟ್ಟ ಇಸ್ಪೀಟು ಎಂಬ ಹೆಸರೂ ಸ್ಪೇಡ್ ಎಂಬುದರ ರೂಪ, ಆ ಸ್ಪೇಡ್ ಇಟಲಿಯ ಕತ್ತಿಯ ಎಲೆ.

ವಿಸ್ಕೊಂಟಿ-ಸ್ಫೋರ್ಜಾ ಕಟ್ಟಿನ ಚಿತ್ರದ ಎಲೆಗಳ ಮೇಲೆ ಅಂಕಿಯೂ ಇಲ್ಲ, ಹೆಸರೂ ಇಲ್ಲ. ಯಾವ ಎಲೆ ಯಾವುದನ್ನು ಹೊಡೆಯುತ್ತದೆ ಎಂಬುದು ಆಟಗಾರನಿಗೆ ಬಾಯಿಪಾಠವಾಗಿರಬೇಕು. ಹಾಗಿದ್ದ ಮೇಲೆ ಚಿತ್ರ ನೋಡಿದ ತಕ್ಷಣ ಗುರುತು ಸಿಗುವಂಥದ್ದೇ ಆಗಿರಬೇಕಲ್ಲವೆ? ಒಗಟನ್ನು ಕೈಯಲ್ಲಿ ಹಿಡಿದು ಯಾರೂ ಆಟ ಆಡುವುದಿಲ್ಲ. ಊರಿಂದೂರಿಗೆ ಈ ಎಲೆಗಳ ಕ್ರಮ ಬದಲಾಗುತ್ತಿತ್ತು. ಮೈಕಲ್ ಡಮ್ಮೆಟ್ ಎಂಬ ತತ್ತ್ವಶಾಸ್ತ್ರಜ್ಞರು ಬೊಲೊನ್ಯಾ-ಫ್ಲಾರೆನ್ಸ್, ಫೆರಾರಾ ಮತ್ತು ಮಿಲಾನಿನ ಮೂರು ಕ್ರಮಗಳನ್ನು ಬೇರ್ಪಡಿಸಿ ತೋರಿಸಿದ್ದಾರೆ. ನ್ಯಾಯದೇವತೆ ಒಂದೂರಲ್ಲಿ ಕೆಳಗೆ, ಇನ್ನೊಂದೂರಲ್ಲಿ ತುತ್ತತುದಿಯ ಹತ್ತಿರ. ಆದರೆ ದ್ರೋಹಿ ಹನ್ನೆರಡನೆಯವನು, ಸಾವು ಹದಿಮೂರನೆಯದು ಎಂಬ ಜೋಡಿ ಮಾತ್ರ ಅಲುಗಾಡಲಿಲ್ಲ. ಗಲ್ಲಿನ ಮುಂದಿನ ಮನೆ ಯಾವುದೆಂದು ಎಲ್ಲ ಊರಿನವರಿಗೂ ಗೊತ್ತಿತ್ತು.

ಚಿತ್ತಾರ

ಆಟಕ್ಕೆ ಬಳಸಿದ ಮಾತ್ರಕ್ಕೆ ಚಿತ್ರಕ್ಕೆ ಆಳವಾದ ಅರ್ಥ ಇರಬಾರದೆಂದು ನಿಯಮವಿಲ್ಲ. ಪ್ರೇಮ, ಸಂಯಮ, ಅದೃಷ್ಟ, ಮುಪ್ಪು, ಸಾವು, ಕೊನೆಯ ತೀರ್ಪು ಇವನ್ನೆಲ್ಲ ಸಾಲಾಗಿ ಇಟ್ಟವನು ಏನನ್ನೂ ಯೋಚಿಸಿರಲಿಲ್ಲವೆ?

ತುರುಪಿನೆಲೆ

ಯೋಚಿಸಿದ್ದ, ಖಂಡಿತ. ಆದರೆ ಗುಟ್ಟಾಗಿ ಯೋಚಿಸಿರಲಿಲ್ಲ ಎಂಬುದಷ್ಟೇ ನನ್ನ ವಾದ. ಆ ಶತಮಾನದ ಒಬ್ಬ ಪಾದ್ರಿ ಜೂಜಿನ ವಿರುದ್ಧ ಬರೆದ ಪ್ರವಚನದಲ್ಲಿ ಈ ವಿಜಯದ ಎಲೆಗಳನ್ನು ಒಂದೊಂದಾಗಿ ಹೆಸರಿಸಿ, ಇವು ಮನುಷ್ಯನನ್ನು ನರಕಕ್ಕೆ ಇಳಿಸುವ 21 ಮೆಟ್ಟಿಲುಗಳು ಎಂದು ಕಿಡಿಕಾರಿದ್ದಾನೆ. ಪೋಪನ ಚಿತ್ರವನ್ನು ಜೂಜಿಗೆ ಎಳೆದದ್ದು ಅವನಿಗೆ ಉರಿ ತರಿಸಿತ್ತು. ಮಂತ್ರ-ಮಾಟದ ವಾಸನೆ ಇದ್ದಿದ್ದರೆ ಅಂಥವನು ಅದನ್ನು ಬಿಟ್ಟು ಜೂಜನ್ನಷ್ಟೇ ಬೈಯುತ್ತಿದ್ದನೆ?

ಗೋಡೆಚಿತ್ರ

ಚಿತ್ತಾರ ಅವರ ಪ್ರಶ್ನೆಯನ್ನು ಅಷ್ಟು ಬೇಗ ತಳ್ಳಿಹಾಕುವುದು ಬೇಡ. ಅರ್ಥ ಇತ್ತು, ತುಂಬಾ ಇತ್ತು, ಆದರೆ ಅದು ಚರ್ಚಿನ ಗೋಡೆಯಲ್ಲೂ ಮೆರವಣಿಗೆಯ ರಥದಲ್ಲೂ ಎಲ್ಲರ ಕಣ್ಣಿಗೆ ಬೀಳುತ್ತಿದ್ದ ಅರ್ಥ. ನಡುಮನೆಯವರು ತಮ್ಮ ಕಟ್ಟಿನಿಂದ ಪೆದ್ದನ ಎಲೆಯನ್ನು ತೆಗೆದು ನೋಡಲಿ: ಹರಿದ ಬಟ್ಟೆ, ಹೆಗಲ ಮೇಲೆ ದೊಣ್ಣೆ, ತಲೆಗೂದಲಲ್ಲಿ ಸಿಕ್ಕಿಸಿದ ಗರಿಗಳು. ಪಾದುವಾದ ಸ್ಕ್ರೊವೆನ್ಯಿ ಪ್ರಾರ್ಥನಾ ಮಂದಿರದಲ್ಲಿ ಜೊಟ್ಟೊ ಅದಕ್ಕಿಂತ ಸುಮಾರು ನೂರೈವತ್ತು ವರ್ಷ ಮೊದಲೇ ‘ಮೂರ್ಖತನ’ವನ್ನು ಗರಿಯ ಕಿರೀಟ ತೊಡಿಸಿ, ಕೈಗೆ ದೊಣ್ಣೆ ಕೊಟ್ಟು ಬರೆದಿದ್ದ.

ಅದೃಷ್ಟಚಕ್ರದ ಎಲೆಯನ್ನಂತೂ ಭೂತಗನ್ನಡಿ ಹಿಡಿದು ನೋಡಬೇಕು. ನಡುವೆ ಕಣ್ಣಿಗೆ ಬಟ್ಟೆ ಕಟ್ಟಿದ ಅದೃಷ್ಟದೇವತೆ. ಚಕ್ರ ಹತ್ತುತ್ತಿರುವವನಿಗೆ ಕತ್ತೆಕಿವಿ ಮೂಡುತ್ತಿದೆ, ಮೇಲೆ ಕುಳಿತವನಿಗೆ ಅದು ಪೂರ್ತಿ ಬೆಳೆದಿದೆ, ಕೆಳಗೆ ಬೀಳುತ್ತಿರುವವನಿಗೆ ಬಾಲ ಉಳಿದಿದೆ. ತಳದಲ್ಲಿ ಮೊಣಕಾಲೂರಿ ಚಕ್ರದ ಭಾರ ಹೊತ್ತ ಮುದುಕನಿಗೆ ಮಾತ್ರ ಕತ್ತೆಯ ಲಕ್ಷಣ ಒಂದೂ ಇಲ್ಲ. ಆಳುವೆನು, ಆಳುತ್ತಿದ್ದೇನೆ, ಆಳಿದ್ದೆನು, ರಾಜ್ಯವಿಲ್ಲದವನಾಗಿದ್ದೇನೆ ಎಂಬುದು ಆ ನಾಲ್ವರ ಹಳೆಯ ಲ್ಯಾಟಿನ್ ಮಾತು. ಇದನ್ನು ಬರೆಸಿದ್ದು, ಯುದ್ಧ ಮಾಡಿ ಡ್ಯೂಕ್ ಪಟ್ಟಕ್ಕೇರಿದವನ ಮನೆಯವರು ಎಂಬುದನ್ನು ನೆನೆದರೆ ನನಗೆ ಪ್ರತಿ ಸಲ ನಗು ಬರುತ್ತದೆ.

ಇನ್ನು ಸನ್ಯಾಸಿ ಎಂದು ಇಂದು ಕರೆಯುವ ಎಲೆ. ವಿಸ್ಕೊಂಟಿ-ಸ್ಫೋರ್ಜಾದಲ್ಲಿ ಅವನು ಒಳ್ಳೆಯ ಉಡುಪು ತೊಟ್ಟ ಮುದುಕ, ಕೈಯಲ್ಲಿ ಮರಳುಗಡಿಯಾರ. ಹಳೆಯ ಹೆಸರೂ ‘ಮುದುಕ’ ಅಥವಾ ‘ಕಾಲ’ ಎಂದೇ. ಮರದ ಅಚ್ಚಿನಿಂದ ಅಚ್ಚು ತೆಗೆಯುತ್ತ ಹೋದ ಹಾಗೆ ಮರಳುಗಡಿಯಾರ ಲಾಂದ್ರವಾಯಿತು. ಲಾಂದ್ರ ಬಂದ ಮೇಲೆ ಅದು ಜ್ಞಾನದ ದೀಪವಾಯಿತು, ಅವನು ಸತ್ಯವನ್ನು ಅರಸುವ ವಿರಕ್ತನಾದ. ಎಷ್ಟು ಚೆನ್ನಾಗಿದ್ದರೂ ಆ ವ್ಯಾಖ್ಯಾನದ ಅಡಿಪಾಯದಲ್ಲಿರುವುದು ಅಚ್ಚಿನವನೊಬ್ಬನ ಕಣ್ತಪ್ಪು.

ಚಿತ್ತಾರ

ಕಣ್ತಪ್ಪು ಎಂದೇ ಏಕೆ ಹೇಳಬೇಕು? ಬೇಕೆಂದೇ ಬದಲಿಸಿರಬಹುದು.

ಗೋಡೆಚಿತ್ರ

ಇರಬಹುದು. ಅಷ್ಟನ್ನು ಒಪ್ಪುತ್ತೇನೆ.

ಹೊಸಬ ಹುಬ್ಬಳ್ಳಿ

ಟ್ಯಾರೋ ಈಜಿಪ್ಟಿನ ಪುರೋಹಿತರ ರಹಸ್ಯ ಗ್ರಂಥ ಎಂದು ಎಲ್ಲೋ ಓದಿದ್ದೆ. ನೀವೆಲ್ಲ ಇಟಲಿಯಲ್ಲೇ ಸುತ್ತುತ್ತಿದ್ದೀರಿ. ನಾನು ಓದಿದ್ದು ಸುಳ್ಳೆ?

ಕಡತ

ಸುಳ್ಳು ಎನ್ನುವುದಕ್ಕಿಂತ ಆತುರ ಎನ್ನಬಹುದು. ಕೂರ್ ದ ಜೆಬೆಲಾಂ ಎಂಬ ಫ್ರೆಂಚ್ ವಿದ್ವಾಂಸ 1781ರಲ್ಲಿ ಇದರ ಬಗ್ಗೆ ಬರೆದ. ಅದಕ್ಕೆ ಕೆಲವು ವರ್ಷ ಮೊದಲು ಅವನು ಪ್ಯಾರಿಸ್ಸಿನಲ್ಲಿ ಪರಿಚಯದ ಮಹಿಳೆಯೊಬ್ಬರ ಮನೆಗೆ ಹೋದಾಗ ಅಲ್ಲಿ ಟ್ಯಾರೋ ಆಟ ನಡೆದಿತ್ತಂತೆ. ಕಾಲು ಗಂಟೆಯೊಳಗೆ ಆ ಎಲೆಗಳೆಲ್ಲ ಈಜಿಪ್ಟಿನವು ಎಂದು ತಾನು ವಿವರಿಸಿ ಮುಗಿಸಿದೆನೆಂದು ಅವನೇ ಬರೆದುಕೊಂಡಿದ್ದಾನೆ. ಆಗ ಪ್ಯಾರಿಸ್ಸಿನಲ್ಲಿ ಟ್ಯಾರೋ ಆಡುವ ರೂಢಿ ಅಳಿದಿತ್ತು. ಆದ್ದರಿಂದ ಅಕ್ಕಪಕ್ಕದ ನಾಡುಗಳಲ್ಲಿ ಸಾಮಾನ್ಯವಾಗಿದ್ದ ಎಲೆ ಅವನಿಗೆ ಅಪರಿಚಿತವಾಗಿ, ಪುರಾತನವಾಗಿ ಕಂಡಿತು. ಈಜಿಪ್ಟಿನ ಚಿತ್ರಲಿಪಿಯನ್ನು ಶಾಂಪೊಲಿಯೊಂ ಬಿಡಿಸಿದ್ದು 1822ರಲ್ಲಿ, ಅಂದರೆ ಇವನ ಬರಹದ 41 ವರ್ಷಗಳ ನಂತರ. ಎತ್ತೇಯಾ ಎಂಬ ಹೆಸರಿನಲ್ಲಿ ಬರೆದ ಪ್ಯಾರಿಸ್ಸಿನ ಭವಿಷ್ಯಗಾರ ಈ ಕಥೆಯನ್ನೇ ಹಿಡಿದು, 1789ರಲ್ಲಿ ಭವಿಷ್ಯ ಹೇಳುವುದಕ್ಕೆಂದೇ ಕಟ್ಟೊಂದನ್ನು ಹೊರತಂದ.

ನಮ್ಮ ದ್ರೋಹಿಗೆ ಜೆಬೆಲಾಂ ಕೊಟ್ಟ ವಿವರಣೆ ಇನ್ನೂ ಸ್ವಾರಸ್ಯಕರವಾಗಿದೆ. ನ್ಯಾಯ, ಧೈರ್ಯ, ಸಂಯಮ ಎಂಬ ಮೂರು ಸದ್ಗುಣಗಳ ಎಲೆಗಳಿವೆ, ನಾಲ್ಕನೆಯದಾದ ವಿವೇಕ ಎಲ್ಲಿ ಎಂದು ಅವನು ಕೇಳಿಕೊಂಡ. ಪ್ರಶ್ನೆ ಸರಿಯಾಗಿಯೇ ಇತ್ತು. ಉತ್ತರವಾಗಿ ನೇತಾಡುವವನನ್ನು ಬುಡಮೇಲು ಮಾಡಿ ನಿಲ್ಲಿಸಿದ: ಒಂದು ಕಾಲು ಊರಿ, ಇನ್ನೊಂದನ್ನು ಎಲ್ಲಿ ಇಡಲಿ ಎಂದು ಯೋಚಿಸುತ್ತ ನಿಂತವನೇ ವಿವೇಕ, ದಡ್ಡ ಎಲೆಗಾರನೊಬ್ಬ ಅವನನ್ನು ತಲೆಕೆಳಗಾಗಿ ಅಚ್ಚು ಹಾಕಿಬಿಟ್ಟ ಎಂದು ಸಾಧಿಸಿದ.

ಹೊಸಬ ಹುಬ್ಬಳ್ಳಿ

ಅಬ್ಬಾ. ಕಾಲು ಗಂಟೆಯೊಳಗೆ!

ಒಂಟಿಕೊಪ್ಪಲು

ಈಜಿಪ್ಟಿನ ಮಾತು ಪೂರ್ತಿ ಹುರುಳಿಲ್ಲದ್ದಲ್ಲ, ಬೇರೆ ಅರ್ಥದಲ್ಲಿ. ಬಟ್ಟಲು, ನಾಣ್ಯ, ಕತ್ತಿ, ಪೋಲೋ ಕೋಲು ಎಂಬ ನಾಲ್ಕು ಬಣ್ಣದ ಎಲೆಗಳು ಮಾಮ್ಲೂಕ್ ದೊರೆಗಳ ಈಜಿಪ್ಟಿನಿಂದ ಇಟಲಿಗೆ ಬಂದವು. ಪೋಲೋ ಆಟ ಕಂಡಿರದ ಇಟಲಿಯವರ ಕೈಯಲ್ಲಿ ಆ ಕೋಲು ಬರೀ ದೊಣ್ಣೆಯಾಯಿತು. ಇಸ್ತಾಂಬುಲಿನ ತೋಪ್ಕಾಪಿ ಅರಮನೆಯಲ್ಲಿ ಉಳಿದಿರುವ ಮಾಮ್ಲೂಕ್ ಕಟ್ಟಿನ ಒಂದು ಎಲೆಯ ಮೇಲೆ ‘ಕಂಜಿಫಾ’ ಎಂಬ ಮಾತಿದೆ. ನಮ್ಮ ಗಂಜೀಫಾ ಎಲೆಯಾಟ ಅದೇ ಬಳಗದ್ದು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಮೈಸೂರು ಗಂಜೀಫಾದಲ್ಲಿಯೂ ಚಿತ್ರದ ಅರ್ಥವನ್ನು ಯಾರೂ ಗುಟ್ಟು ಮಾಡಿರಲಿಲ್ಲ. ದೇವರನ್ನು ಆಯುಧದಿಂದಲೂ ವಾಹನದಿಂದಲೂ ಗುರುತಿಸುವುದು ನೋಡುವವರಿಗೆ ಮೊದಲೇ ಗೊತ್ತಿತ್ತು.

ತುರುಪಿನೆಲೆ

ಒಳ್ಳೆಯ ಮಾತು. ಆದರೆ ಆ 22 ಚಿತ್ರದ ಎಲೆಗಳು ಈಜಿಪ್ಟಿನಿಂದ ಬಂದವಲ್ಲ, ಅವು ಇಟಲಿಯಲ್ಲೇ ಸೇರಿದವು ಎಂಬುದನ್ನು ಹೊಸಬರಿಗಾಗಿ ಒತ್ತಿ ಹೇಳಬೇಕು. ಗಂಜೀಫಾಕ್ಕೆ ಬೇರೆಯೇ ಎಳೆ ಶುರುಮಾಡಿ, ನಾನೂ ಬರುತ್ತೇನೆ.

ಚಿತ್ತಾರ

ಸರಿ, ನೇತಾಡುವವನನ್ನು ನಿಮಗೇ ಬಿಟ್ಟುಕೊಟ್ಟೆ. ಪೋಪನ ಕಿರೀಟ ಧರಿಸಿ ಕುಳಿತ ಹೆಂಗಸಿನ ಎಲೆಗೆ ಏನು ಹೇಳುತ್ತೀರಿ? ಹೆಣ್ಣು ಎಂದೂ ಪೋಪ್ ಆಗಲು ಸಾಧ್ಯವಿಲ್ಲದ ಸಮಾಜದಲ್ಲಿ ಅಂಥ ಚಿತ್ರ ಬರೆದರೆ, ಅದರಲ್ಲಿ ಬಚ್ಚಿಟ್ಟ ಸಂಗತಿ ಇಲ್ಲವೆಂದು ಹೇಗೆ ನಂಬಲಿ?

ಕಡತ

ಇಲ್ಲಿ ನಾನು ಅರ್ಧ ನಿಮ್ಮ ಕಡೆ. ಗರ್ಟ್ರೂಡ್ ಮೋಕ್ಲಿ ಎಂಬ ಗ್ರಂಥಪಾಲಕಿ 1966ರಲ್ಲಿ ಒಂದು ಸೂಚನೆ ಕೊಟ್ಟರು. ಮಿಲಾನಿನಲ್ಲಿ ಗುಲಿಯೆಲ್ಮಾ ಎಂಬ ಸಾಧ್ವಿಯ ಅನುಯಾಯಿಗಳ ಪಂಥವಿತ್ತು. ಮುಂದಿನ ಪೋಪ್ ಹೆಂಗಸಾಗುತ್ತಾಳೆ, ಅವಳೇ ನಮ್ಮ ಮೈಫ್ರೇದಾ ಎಂದು ಅವರು ನಂಬಿದ್ದರು. ಧರ್ಮವಿಚಾರಣೆಯವರು 1300ರಲ್ಲಿ ಮೈಫ್ರೇದಾಳನ್ನು ಸುಟ್ಟರು. ಆಕೆ ವಿಸ್ಕೊಂಟಿ ಮನೆತನದ ಬಂಧು. ಎಲೆಯಲ್ಲಿ ಮೂರು ಸುತ್ತಿನ ಕಿರೀಟದ ಕೆಳಗೆ ಇರುವುದು ಸನ್ಯಾಸಿನಿಯ ಸಾದಾ ಕಂದು ಉಡುಪು. ಮನೆತನದವರು ಅವಳನ್ನು ಮರೆತಿರಲಿಲ್ಲ ಎಂದು ನನಗೆ ಅನ್ನಿಸುತ್ತದೆ.

ಗೋಡೆಚಿತ್ರ

ಕಡತ ಅವರೇ, ದ್ರೋಹಿಯ ವಿಚಾರದಲ್ಲಿ ಗೋಡೆಯ ಸಾಕ್ಷಿ ಕೇಳಿದ ನೀವು ಇಲ್ಲಿ ಅನ್ನಿಸಿಕೆಯನ್ನು ಸಾಕ್ಷಿಯಾಗಿ ಇಡುತ್ತಿದ್ದೀರಲ್ಲ! ಆಕೆಯ ಸಾವಿಗೂ ಈ ಎಲೆಗೂ ನಡುವೆ ನೂರೈವತ್ತು ವರ್ಷಗಳಿವೆ. ಅದಕ್ಕಿಂತ ದೊಡ್ಡ ತೊಡಕೆಂದರೆ, ಈ ಪೋಪಮ್ಮ ಮಿಲಾನಿನ ಸ್ವತ್ತಲ್ಲ, ಬೇರೆ ಊರುಗಳ ಪಟ್ಟಿಯಲ್ಲೂ ಇದ್ದಾಳೆ. ಮೇಲೆ ಹೇಳಿದ ಪಾದ್ರಿಯೂ ಅವಳನ್ನು ಕಂಡು ಸಿಡಿಮಿಡಿಗೊಂಡಿದ್ದಾನೆ. ಒಂದು ಮನೆತನದ ನೋವು ಎಲ್ಲರ ಆಟದ ಎಲೆಯಾದದ್ದು ಹೇಗೆ? ಕ್ರೈಸ್ತ ಚಿತ್ರಗಳಲ್ಲಿ ಶ್ರದ್ಧೆಯನ್ನೂ ಚರ್ಚನ್ನೂ ಶಿಲುಬೆ ಹಿಡಿದ, ಕಿರೀಟ ತೊಟ್ಟ ಹೆಂಗಸಾಗಿ ತೋರಿಸುವ ರೂಢಿಯಿತ್ತು. ನಾವು ಭಾರತವನ್ನು ಹೆಂಗಸಾಗಿ ಬರೆದರೆ ಅಂಥವಳೊಬ್ಬಳು ಎಲ್ಲೋ ಇದ್ದಳೆಂದು ಯಾರೂ ಹುಡುಕುವುದಿಲ್ಲ.

ಅಘನಾಶಿನಿ

ಪೋಪಮ್ಮ ಎಂಬ ಹೆಸರನ್ನು ಇನ್ನು ಯಾರೂ ಬದಲಿಸಬೇಡಿ.

ತುರುಪಿನೆಲೆ

ಬದಲಿಸಿದವರಿದ್ದಾರೆ. 1725ರಲ್ಲಿ ಬೊಲೊನ್ಯಾದಲ್ಲಿ ಒಬ್ಬ ಪಾದ್ರಿ ಭೂಗೋಳದ ವಿವರಗಳಿರುವ ಟ್ಯಾರೋ ಕಟ್ಟು ಮಾಡಿ, ಊರಿನ ಆಡಳಿತ ‘ಮಿಶ್ರ’, ಅಂದರೆ ಪೋಪನೊಬ್ಬನದೇ ಅಲ್ಲ, ಎಂದು ಅದರಲ್ಲಿ ಬರೆದ. ಊರನ್ನು ಪೋಪನ ಹೆಸರಿನಲ್ಲಿ ಆಳುತ್ತಿದ್ದವರಿಗೆ ಕೋಪ ಬಂದು ಅವನು ಸೆರೆಯಾದ. ಕೊನೆಗೆ ರಾಜಿಯಾಗಿ ಪೋಪ್, ಪೋಪಮ್ಮ, ಚಕ್ರವರ್ತಿ, ಸಾಮ್ರಾಜ್ಞಿ ನಾಲ್ವರನ್ನೂ ತೆಗೆದು ಆ ಜಾಗದಲ್ಲಿ ‘ಮೂರ್’ಗಳನ್ನು, ಅಂದರೆ ಉತ್ತರ ಆಫ್ರಿಕಾದ ಕಡೆಯ ನಾಲ್ವರನ್ನು, ಕೂರಿಸಿದರು. ಬೆಸಾನ್ಸೊಂ ಹೆಸರಿನ ಫ್ರೆಂಚ್ ಮಾದರಿಯಲ್ಲಿ ಇವಳ ಜಾಗಕ್ಕೆ ಜೂನೋ ದೇವಿ ಬಂದಳು. ಎರಡೂ ಕಡೆ ಆಟ ಎಂದಿನಂತೆ ನಡೆಯಿತು.

ಚಿತ್ತಾರ

ಹಾಗಾದರೆ ಚಿತ್ರಕ್ಕಾಗಿ ಒಬ್ಬನನ್ನು ಸೆರೆಗೆ ತಳ್ಳಿದರು, ರಾಜಿಯಲ್ಲೂ ಬದಲಾದದ್ದು ಚಿತ್ರಗಳೇ ಎಂದಾಯಿತು. ಅರ್ಥವಿಲ್ಲದ ಚಿತ್ರಕ್ಕೆ ಅಷ್ಟೆಲ್ಲ ಆಗುತ್ತದೆಯೆ? 1491ರ ಸೋಲಾ ಬುಸ್ಕಾ ಕಟ್ಟನ್ನೂ ನೀವು ಮರೆತಿದ್ದೀರಿ. 78 ಎಲೆಗಳೂ ಉಳಿದಿರುವ ಹಳೆಯ ಕಟ್ಟು ಅದು, ಈಗ ಮಿಲಾನಿನ ಬ್ರೆರಾ ಚಿತ್ರಶಾಲೆಯಲ್ಲಿದೆ. ಅದರಲ್ಲಿ ನೀರೋ, ನಿಮ್ರೋದ್ ಮುಂತಾದ ಹೆಸರುಗಳ ವಿಚಿತ್ರ ಆಕೃತಿಗಳಿವೆ, ಅವುಗಳಲ್ಲಿ ರಸವಿದ್ಯೆಯ ಸೂಚನೆಗಳನ್ನು ಕಂಡ ವಿದ್ವಾಂಸರೂ ಇದ್ದಾರೆ. ಒಗಟನ್ನು ಹಿಡಿದು ಯಾರೂ ಆಡುವುದಿಲ್ಲ ಎಂಬ ಮಾತು ಅದಕ್ಕೆ ಹೊಂದುವುದಿಲ್ಲ.

ತುರುಪಿನೆಲೆ

ಸೋಲಾ ಬುಸ್ಕಾದ ಬಗ್ಗೆ ನೀವು ಹೇಳಿದ್ದು ಸರಿ. ನನ್ನ ಮಾತನ್ನು ‘ಸಾಮಾನ್ಯವಾಗಿ ಯಾರೂ ಆಡುವುದಿಲ್ಲ’ ಎಂದು ತಿದ್ದಿಕೊಳ್ಳುತ್ತೇನೆ.

ಕಡತ

ಕಟ್ಟಿನ ಒಡೆಯರ ಬಗ್ಗೆ ಒಂದು ಸಂಗತಿಯನ್ನು ಇಷ್ಟು ಹೊತ್ತು ಹೇಳದೆ ಉಳಿಸಿಕೊಂಡಿದ್ದೆ, ಮೋಕ್ಲಿಯವರೇ ಇದನ್ನೂ ಗಮನಿಸಿದ್ದು. ಮಿಲಾನಿನ ಡ್ಯೂಕ್ ಆದ ಫ್ರಾಂಚೆಸ್ಕೊ ಸ್ಫೋರ್ಜಾನ ತಂದೆ ಮುತ್ಸಿಯೊ ಅತ್ತೆಂದೊಲೊ ಕೂಲಿಗೆ ಯುದ್ಧ ಮಾಡುವ ಸೇನಾನಾಯಕ. 1412ರಲ್ಲಿ ಅವನು ಪಕ್ಷ ಬದಲಿಸಿದಾಗ, ಪೋಪ್ ಪಟ್ಟಕ್ಕೆ ಹಕ್ಕು ಹೂಡಿದ್ದ ಇಪ್ಪತ್ತಮೂರನೆಯ ಜಾನ್ ಕೆರಳಿ, ರೋಮಿನ ಬಾಗಿಲು ಮತ್ತು ಸೇತುವೆಗಳ ಮೇಲೆ ಅವನ ಚಿತ್ರ ಬರೆಸಿದ. ಒಂದೇ ಕಾಲಿನಿಂದ, ತಲೆಕೆಳಗಾಗಿ. ಇವನು ಹಳ್ಳಿಗಮಾರ, ಚರ್ಚಿಗೆ ಹನ್ನೆರಡು ದ್ರೋಹ ಎಸಗಿದವನು ಎಂಬ ಬರಹವೂ ಜೊತೆಗಿತ್ತು.

ನಡುಮನೆ

ಇದನ್ನು ಓದಿ ಒಂದು ಕ್ಷಣ ಸುಮ್ಮನೆ ಕುಳಿತೆ. ಸ್ವಂತ ತಂದೆಯನ್ನು ನೇತುಹಾಕಿದ ಭಂಗಿಯನ್ನೇ ಮಗನ ಮನೆಯವರು ಚಿನ್ನದ ರೇಕಿನ ಮೇಲೆ ಬರೆಸಿಕೊಂಡರೆ? ಆ ಎಲೆಯನ್ನು ತೆಗೆದುಬಿಡಬಹುದಿತ್ತಲ್ಲ.

ತುರುಪಿನೆಲೆ

ತೆಗೆದರೆ ಆಟ ಕೆಡುತ್ತದೆ, ಹನ್ನೆರಡನೆಯ ಎಲೆ ಬೇಕೇ ಬೇಕು.

ಗೋಡೆಚಿತ್ರ

ಅಥವಾ ಆ ಹೊತ್ತಿಗೆ ಅದನ್ನು ಮನೆಯವರೇ ನಗುತ್ತ ಹೇಳಿಕೊಳ್ಳುತ್ತಿದ್ದರೇನೋ. ಚಕ್ರದ ತುದಿಯಲ್ಲಿ ಕುಳಿತ ಮೇಲೆ ತಳದ ಕಥೆ ಹೇಳಲು ಯಾರಿಗೂ ಸಂಕೋಚವಿರುವುದಿಲ್ಲ. ಕಡತ ಅವರ ಹಾಗೆ ನಾನೂ ಈಗ ಅನ್ನಿಸಿಕೆಗೆ ಇಳಿದಿದ್ದೇನೆ, ಕ್ಷಮೆಯಿರಲಿ.

ಒಂಟಿಕೊಪ್ಪಲು

ಇನ್ನೊಂದು ಸಣ್ಣ ಪ್ರಶ್ನೆ. ನಡುಮನೆಯವರ ಕಟ್ಟಿನಲ್ಲಿ ಪಿಶಾಚಿಯ ಎಲೆ ಹೇಗಿದೆ?

ಕಡತ

ಮೂಲದಲ್ಲಿ ಪಿಶಾಚಿಯೂ ಗೋಪುರವೂ ಇಲ್ಲ. ಉಳಿದಿರುವುದು 74 ಎಲೆಗಳು: ನ್ಯೂಯಾರ್ಕಿನ ಮಾರ್ಗನ್ ಗ್ರಂಥಾಲಯದಲ್ಲಿ 35, ಬೆರ್ಗಾಮೊದ ಕರಾರಾ ಅಕಾಡೆಮಿಯಲ್ಲಿ 26, ಖಾಸಗಿ ಒಡೆತನದಲ್ಲಿ 13. ಮರುಮುದ್ರಣದಲ್ಲಿ ಪಿಶಾಚಿ ಇದ್ದರೆ ಅದು ಇಂದಿನವರು ಬರೆದು ಸೇರಿಸಿದ್ದು.

ನಡುಮನೆ

ಇದೆ, ಮತ್ತು ಅವನ ಬಣ್ಣ ಉಳಿದ ಎಲೆಗಳಿಗಿಂತ ಹೊಸದಾಗಿ ಏಕೆ ಕಾಣುತ್ತದೆ ಎಂಬುದು ಈಗ ತಿಳಿಯಿತು. ಉಳಿದ ಎಲೆಗಳ ನೆತ್ತಿಯಲ್ಲಿ ಮೊಳೆ ಹೊಡೆದಂತಹ ಸಣ್ಣ ತೂತಿನ ಗುರುತಿದೆ, ಇವನಿಗೆ ಅದೂ ಇಲ್ಲ.

ನೆನ್ನೆ ರಾತ್ರಿ ಊಟವಾದ ಮೇಲೆ ತಾಯಿಯವರಿಗೆ ಮುತ್ಸಿಯೊನ ಕಥೆಯನ್ನೆಲ್ಲ ಓದಿ ಹೇಳಿದೆ. “ಹಾಗಾದರೆ ಕಳ್ಳನಲ್ಲ” ಎಂದು ಅವರು ಎಲೆಯನ್ನು ಕೈಗೆ ತೆಗೆದುಕೊಂಡು, ತಲೆ ಮೇಲೆ ಬರುವಂತೆ ತಿರುಗಿಸಿ, ದೇವರ ಪಟದ ಪಕ್ಕದಲ್ಲಿ ಒರಗಿಸಿಟ್ಟಿದ್ದಾರೆ.

ಕಡತ

ಜೆಬೆಲಾಂ ಮಾಡಿದ್ದೂ ಅದನ್ನೇ.